ಇಇಜಿ ಹೆಡ್‌ಸೆಟ್‌ನಿಂದ ಬೋರ್ಡಿಗೆ ವೈರಿಂಗ್: ಯಾವ ಜೋಡಣೆ ನಿಮಗೆ ಸರಿ?

ಮಿದುಳಿನ ವಿದ್ಯುತ್ ಸಿಗ್ನಲ್ (ಇಇಜಿ) ಹಿಡಿಯುವ ಹೆಡ್‌ಸೆಟ್ ತಲೆಗೆ ಹಾಕಿ, ಅದನ್ನು ಅಳೆಯುವ ಬೋರ್ಡ್ ಆನ್ ಮಾಡಿ ಪರದೆ ನೋಡಿದೆ. ಎಂಟೂ ಗೆರೆಗಳು ಒಟ್ಟಿಗೇ ಏರುತ್ತಿದ್ದವು, ಒಟ್ಟಿಗೇ ಇಳಿಯುತ್ತಿದ್ದವು. ಹಣೆಯ ಎಲೆಕ್ಟ್ರೋಡ್‌ಗೂ (ಚರ್ಮಕ್ಕೆ ತಾಗಿ ಸಿಗ್ನಲ್ ಹಿಡಿಯುವ ತುಣುಕು) ಹಿಂದಲೆಯ ಎಲೆಕ್ಟ್ರೋಡ್‌ಗೂ ಒಂದೇ ಆಕಾರ. ಎರಡು ಗಂಟೆ ಒಂದೊಂದನ್ನೇ ಒತ್ತಿದೆ, ತಿರುಗಿಸಿದೆ, ಕೂದಲು ಸರಿಸಿದೆ. ತಪ್ಪು ಇದ್ದದ್ದು ಅಲ್ಲಿ ಅಲ್ಲವೇ ಅಲ್ಲ. ಕಿವಿಯ ಕ್ಲಿಪ್‌ನಿಂದ ಬೋರ್ಡಿಗೆ ಬರುವ ಬಿಳಿ ವೈರ್ ತುದಿಯ ಪ್ಲಾಸ್ಟಿಕ್ ಗೂಡಿನ ಹತ್ತಿರ ಒಳಗೇ ಕಡಿದುಹೋಗಿತ್ತು. ನೋಡಲು ಗಟ್ಟಿಯಾಗೇ ಇತ್ತು. ಮೆಲ್ಲಗೆ ಎಳೆದಾಗ ಹೊರಗಿನ ಹೊದಿಕೆ ಮಾತ್ರ ಹಿಗ್ಗಿತು, ಒಳಗಿನ ತಾಮ್ರದ ಎಳೆಗಳು ಆಗಲೇ ತುಂಡಾಗಿದ್ದವು.

ಆವತ್ತಿನಿಂದ ನಾನು ವೈರಿಂಗ್ ತೀರ್ಮಾನಿಸುವ ಕ್ರಮವೇ ಬದಲಾಯಿತು. ಮೊದಲು ರೆಫರೆನ್ಸ್ ವೈರ್ (ಕಿವಿಯಿಂದ ಬರುವ ಆ ಬಿಳಿ ವೈರ್), ಆಮೇಲೆ ಕನೆಕ್ಟರ್, ಕೊನೆಗೆ ಚಾನೆಲ್‌ಗಳ ಲೆಕ್ಕ, ಅಂದರೆ ಪರದೆಯಲ್ಲಿ ಎಷ್ಟು ಗೆರೆ ಬೇಕು ಅನ್ನುವುದು. ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ. ಹದಿನಾರು ಚಾನೆಲ್ ಬೇಕು ಅಂತ ಮೊದಲೇ ಹಟ ಹಿಡಿಯುತ್ತಾರೆ, ವೈರ್ ಮಾತ್ರ ಕೈಗೆ ಸಿಕ್ಕಿದ್ದನ್ನು ಚುಚ್ಚುತ್ತಾರೆ. ಗೆರೆ ಕೆಟ್ಟಾಗ ಬೋರ್ಡನ್ನು ಅನುಮಾನಿಸುತ್ತಾರೆ. ಬೋರ್ಡ್ ಕೆಡುವುದಕ್ಕಿಂತ ವೈರ್ ಕೆಡುವುದೇ ಜಾಸ್ತಿ.

ಕೆಳಗಿನ ಉದಾಹರಣೆಗಳಿಗೆ ಓಪನ್‌ಬಿಸಿಐ ಕಂಪನಿಯ ಸೈಟನ್ ಬೋರ್ಡ್ ಮತ್ತು ಅಲ್ಟ್ರಾಕಾರ್ಟೆಕ್ಸ್ ಮಾರ್ಕ್ 4 ಹೆಡ್‌ಸೆಟ್ ತೆಗೆದುಕೊಂಡಿದ್ದೇನೆ. ಸ್ವಂತವಾಗಿ ಇಇಜಿ ಕಟ್ಟುವವರಲ್ಲಿ ಬಹಳ ಜನರಿಗೆ ಇವು ಗೊತ್ತಿವೆ. ಸೈಟನ್ ಒಳಗೆ ಸಿಗ್ನಲ್ ಅಳೆಯುವುದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಡಿಎಸ್1299 ಚಿಪ್. ಅದೇ ಚಿಪ್ ಬೇರೆ ಅನೇಕ ಬೋರ್ಡ್‌ಗಳಲ್ಲೂ ಇದೆ. ಹಾಗಾಗಿ ಇಲ್ಲಿನ ಮಾತು ಅವಕ್ಕೂ ಬಹುಪಾಲು ಹೊಂದುತ್ತದೆ.

ಮೂರು ಬಗೆಯ ವೈರ್, ಮೂರು ಬಗೆಯ ಕೆಲಸ

ನೆತ್ತಿಯ ಮೇಲೆ ಸಿಗುವ ಮಿದುಳಿನ ಸಿಗ್ನಲ್ ಸುಮಾರು 10ರಿಂದ 100 ಮೈಕ್ರೋವೋಲ್ಟ್. ಒಂದು ಸಾಮಾನ್ಯ ಪೆನ್ಸಿಲ್ ಸೆಲ್ಲಿನ 1.5 ವೋಲ್ಟ್ ಇದಕ್ಕಿಂತ ಕಡಿಮೆ ಎಂದರೂ 15,000 ಪಟ್ಟು ದೊಡ್ಡದು. ಇಷ್ಟು ಸಣ್ಣದನ್ನು ವೈರಿನಲ್ಲಿ ಹೊತ್ತು ತರಬೇಕು ಅನ್ನುವುದು ಸದಾ ನೆನಪಿರಲಿ.

ಸಿಗ್ನಲ್ ವೈರ್ ಒಂದು ಜಾಗದ ವೋಲ್ಟೇಜ್ ತರುತ್ತದೆ. ಆದರೆ ವೋಲ್ಟೇಜ್ ಅಂದರೆ ಎರಡು ಜಾಗಗಳ ನಡುವಿನ ವ್ಯತ್ಯಾಸ ತಾನೇ? ಆ ಎರಡನೇ ಜಾಗ ಕೊಡುವುದು ರೆಫರೆನ್ಸ್ ವೈರ್. ಸೈಟನ್‌ನಲ್ಲಿ ಇದು ಎಸ್‌ಆರ್‌ಬಿ2 ಅನ್ನುವ ಪಿನ್ನಿಗೆ ಹೋಗುತ್ತದೆ. ಮೂರನೆಯದು ಬಯಾಸ್. ಇದು ಸಿಗ್ನಲ್ ತರುವ ವೈರ್ ಅಲ್ಲ, ದೇಹಕ್ಕೆ ಕೊಡುವ ವೈರ್. ಎಲ್ಲ ಚಾನೆಲ್‌ಗಳಲ್ಲೂ ಸಮನಾಗಿ ಬರುವ ಗದ್ದಲವನ್ನು ಬೋರ್ಡ್ ಗುರುತಿಸಿ, ತಲೆಕೆಳಗು ಮಾಡಿ, ಇದರ ಮೂಲಕ ದೇಹಕ್ಕೆ ವಾಪಸ್ ಕಳಿಸುತ್ತದೆ. ಗೋಡೆಯ ಕರೆಂಟಿನಿಂದ ಬರುವ 50 ಅಥವಾ 60 ಹರ್ಟ್ಜ್ ಗುಂಯ್ ಸದ್ದು ಇದರಿಂದ ಬಹಳ ತಗ್ಗುತ್ತದೆ.

ಒಂದು ಸಿಗ್ನಲ್ ವೈರ್ ಕಡಿದರೆ ಒಂದು ಚಾನೆಲ್ ಹೋಗುತ್ತದೆ. ಬಯಾಸ್ ಕಡಿದರೆ ಎಲ್ಲ ಚಾನೆಲ್‌ಗಳಲ್ಲೂ ಗುಂಯ್ ಸದ್ದು ದಪ್ಪವಾಗುತ್ತದೆ. ರೆಫರೆನ್ಸ್ ಕಡಿದರೆ ಎಲ್ಲವೂ ಹೋಯಿತು. ಇನ್ನೂ ಕೆಟ್ಟದ್ದೇನು ಅಂದರೆ, ಅರ್ಧ ಕಡಿದ ರೆಫರೆನ್ಸ್ ಸುಮ್ನೆ ಸಾಯುವುದಿಲ್ಲ. ತನ್ನ ಅಲುಗಾಟವನ್ನೆಲ್ಲ ಎಂಟೂ ಗೆರೆಗಳಿಗೆ ಹಂಚುತ್ತದೆ, ನೋಡುವವರಿಗೆ ಅದೂ ಮಿದುಳಿನ ಅಲೆಯಂತೆ ಕಾಣುತ್ತದೆ. ಇಡೀ ಸೆಟ್ಟಿನಲ್ಲಿ ಒಂದೇ ಒಂದು ಒಳ್ಳೆಯ ವೈರ್ ಕೊಳ್ಳಲು ಸಾಧ್ಯ ಅಂದರೆ ಅದನ್ನು ಕಿವಿಗೇ ಕೊಡಿ.

ಕನೆಕ್ಟರ್: ಎಷ್ಟು ಸಲ ಬಿಚ್ಚುತ್ತೀರಿ?

ಕನೆಕ್ಟರ್ ಆರಿಸುವಾಗ ನಾನು ಕೇಳಿಕೊಳ್ಳುವುದು ಈ ಒಂದೇ ಪ್ರಶ್ನೆ. ವಾರಕ್ಕೆ ಎಷ್ಟು ಸಲ ಬಿಚ್ಚಿ ಹಾಕುತ್ತೀರಿ?

ಎಲ್ಲರೂ ಶುರುಮಾಡುವುದು ಜಂಪರ್ ವೈರ್‌ನಿಂದ. ಬೋರ್ಡಿನ ಪಿನ್ನುಗಳ ನಡುವಿನ ಅಂತರ 2.54 ಮಿಲಿಮೀಟರ್, ಅದಕ್ಕೆ ಡ್ಯೂಪಾಂಟ್ ತುದಿಯ ವೈರ್ ನೇರವಾಗಿ ಕೂರುತ್ತದೆ. ಅಗ್ಗ, ಸುಲಭ, ಯಾವ ಚಾನೆಲ್ ಬೇಕಾದರೂ ಎಲ್ಲಿಗೆ ಬೇಕಾದರೂ ಹಾಕಬಹುದು. ಎಲೆಕ್ಟ್ರೋಡ್ ಜಾಗಗಳನ್ನು ಇನ್ನೂ ಹುಡುಕುತ್ತಿರುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಆ ತುದಿಯನ್ನು ಹತ್ತಿರದಿಂದ ನೋಡಿ. ಪ್ಲಾಸ್ಟಿಕ್ ಗೂಡಿನೊಳಗೆ ಒಂದು ತೆಳು ತಗಡಿನ ಕೊಳವೆ ಇದೆ. ಅದರ ಬಾಲ ವೈರನ್ನು ಎರಡು ಕಡೆ ಹಿಡಿಯಬೇಕು: ಒಂದು ಹಿಡಿತ ತಾಮ್ರದ ಎಳೆಗೆ, ಇನ್ನೊಂದು ಹೊದಿಕೆಗೆ. ಅಗ್ಗದ ವೈರುಗಳಲ್ಲಿ ಹೊದಿಕೆಯ ಹಿಡಿತ ಸಡಿಲ ಇರುತ್ತದೆ. ಆಗ ನೀವು ಎಳೆಯುವ ಪ್ರತಿಯೊಂದು ಎಳೆತವೂ ಕೂದಲಿನಷ್ಟು ಸಣ್ಣ ತಾಮ್ರದ ಎಳೆಗಳ ಮೇಲೇ ಬೀಳುತ್ತದೆ. ಪಿನ್ನಿನಿಂದ ತೆಗೆಯುವಾಗ ವೈರ್ ಹಿಡಿದು ಎಳೆಯಬೇಡಿ, ಗೂಡನ್ನೇ ಹಿಡಿದು ಎಳೆಯಿರಿ. ಬೋರ್ಡಿನ ಹತ್ತಿರ ಕಟ್ಟನ್ನು ಒಂದು ಟೈ ಹಾಕಿ ಹೆಡ್‌ಸೆಟ್ಟಿನ ಚೌಕಟ್ಟಿಗೆ ಬಿಗಿದರೆ ತಲೆ ಅಲ್ಲಾಡಿದಾಗಿನ ಎಳೆತ ಅಲ್ಲಿಗೇ ನಿಲ್ಲುತ್ತದೆ.

ಎರಡನೆಯದು ಟಚ್‌ಪ್ರೂಫ್ ಕನೆಕ್ಟರ್, ಅಂದರೆ ಡಿಐಎನ್ 42802 ಮಾದರಿಯ 1.5 ಮಿಲಿಮೀಟರಿನದು. ಆಸ್ಪತ್ರೆಯ ಇಇಜಿ ಎಲೆಕ್ಟ್ರೋಡ್‌ಗಳ ತುದಿಯಲ್ಲಿ ಇರುವುದು ಇದೇ. ಲೋಹದ ಭಾಗ ಬೆರಳಿಗೆ ತಾಗದ ಹಾಗೆ ಒಳಗೆ ಹುದುಗಿರುತ್ತದೆ. ಹೀಗೆ ಮಾಡಿದ್ದಕ್ಕೆ ಒಂದು ನೋವಿನ ಕಾರಣ ಇದೆ. ಹಿಂದೆ ರೋಗಿಯ ಮೈಗೆ ಅಂಟಿದ ವೈರುಗಳ ತುದಿಯಲ್ಲಿ ತೆರೆದ ಪಿನ್ ಇರುತ್ತಿತ್ತು. ಅದು ಗೋಡೆಯ ಸಾಕೆಟ್ಟಿಗೂ ಹೊಕ್ಕುತ್ತಿತ್ತು. ಮಕ್ಕಳು ಕರೆಂಟ್ ಹೊಡೆದು ಸತ್ತದ್ದೂ ಇದೆ. 1997ರಲ್ಲಿ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಉಪಕರಣಗಳನ್ನು ನಿಯಂತ್ರಿಸುವ ಎಫ್‌ಡಿಎ ಇಂಥ ತೆರೆದ ಪಿನ್ನುಗಳನ್ನು ತಡೆಯುವ ನಿಯಮ ತಂದಿತು. ನಿಮ್ಮ ಬೋರ್ಡಿಗೆ ಟಚ್‌ಪ್ರೂಫ್ ಹಾಕಬೇಕಾದರೆ ನಡುವೆ ಒಂದು ಅಡಾಪ್ಟರ್ ಬೇಕು, ಜಾಗ ಜಾಸ್ತಿ ಹಿಡಿಯುತ್ತದೆ, ಹೆಡ್‌ಸೆಟ್ ಮೇಲೆ ತೂಕವೂ ಹೆಚ್ಚುತ್ತದೆ. ಆದರೂ ಬೇರೆ ಬೇರೆ ಜನರ ತಲೆಗೆ ದಿನಾ ಹಾಕಿ ತೆಗೆಯುವವರಿಗೆ, ಗೋಲ್ಡ್ ಕಪ್ ಎಲೆಕ್ಟ್ರೋಡ್‌ಗಳನ್ನು (ಪೇಸ್ಟ್ ತುಂಬಿ ಅಂಟಿಸುವ ಪುಟ್ಟ ಬಟ್ಟಲುಗಳು) ಆಗಾಗ ಬದಲಿಸುವವರಿಗೆ ನಾನು ಹೇಳುವುದು ಇದನ್ನೇ. ಕೂರುವಾಗ ಗಟ್ಟಿಯಾಗಿ ಕೂರುತ್ತದೆ. ಕೆಟ್ಟರೆ ಆ ಒಂದು ಎಲೆಕ್ಟ್ರೋಡ್ ಮಾತ್ರ ಎಸೆದು ಇನ್ನೊಂದು ಹಾಕಿದರೆ ಆಯಿತು.

ಮೂರನೆಯದು ಎಲ್ಲ ವೈರ್‌ಗಳೂ ಒಂದೇ ದೊಡ್ಡ ಕನೆಕ್ಟರ್‌ಗೆ ಬರುವ ಜೋಡಣೆ: ರಿಬ್ಬನ್ ಕೇಬಲ್, ಇಲ್ಲವೇ 25 ಪಿನ್ನಿನ ಡಿ-ಸಬ್. ಬಟ್ಟೆಯ ಇಇಜಿ ಟೊಪ್ಪಿಗಳಲ್ಲಿ ಇದನ್ನು ನೋಡಿರಬಹುದು. ಒಂದೇ ಸಲಕ್ಕೆ ಚುಚ್ಚಿದರೆ ಮುಗಿಯಿತು, ಚಾನೆಲ್ ಅದಲುಬದಲಾಗುವ ಭಯವೇ ಇಲ್ಲ. ಎಲೆಕ್ಟ್ರೋಡ್ ಜಾಗಗಳು ಖಚಿತವಾದ ಮೇಲೆ ಇದು ನಿಜಕ್ಕೂ ನೆಮ್ಮದಿ. ಒಂದು ಎಚ್ಚರಿಕೆ ಇದೆ. ರಿಬ್ಬನ್ನಿನಲ್ಲಿ ವೈರುಗಳು ಅಕ್ಕಪಕ್ಕ ಅಂಟಿಕೊಂಡೇ ಓಡುತ್ತವೆ. ಒಣ ಎಲೆಕ್ಟ್ರೋಡ್‌ಗಳಂತೆ ಚರ್ಮದ ಸಂಪರ್ಕ ದುರ್ಬಲವಾಗಿದ್ದಾಗ ಒಂದರ ಸಿಗ್ನಲ್ ಪಕ್ಕದ್ದಕ್ಕೆ ಸ್ವಲ್ಪ ಸೋರಬಹುದು. ರಿಬ್ಬನ್ ಚಿಕ್ಕದಾಗಿರಲಿ.

ನೇರ ಬೆಸುಗೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಬ್ಬರ ತಲೆ, ಒಂದೇ ಪ್ರಯೋಗ, ಬಿಚ್ಚುವುದೇ ಇಲ್ಲ ಅಂದರೆ ಮಾಡಿ. ಬೆಸುಗೆ ಹಾಕಿದ ಕಡೆ ವೈರ್ ಬಿರುಸಾಗುತ್ತದೆ, ಸರಿಯಾಗಿ ಆ ಅಂಚಿನಲ್ಲೇ ಮುರಿಯುತ್ತದೆ. ಅದರ ಮೇಲೆ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಹಾಕಲೇಬೇಕು. ಬೋರ್ಡಿನ ಪಿನ್ನಿಗಂತೂ ಬೆಸುಗೆ ಬೇಡ.

ರೆಫರೆನ್ಸ್ ಎಲ್ಲಿ ಇಡುವುದು

ಒಂದು ಕಿವಿಹಾಲೆಗೆ ರೆಫರೆನ್ಸ್, ಇನ್ನೊಂದಕ್ಕೆ ಬಯಾಸ್. ಅಲ್ಟ್ರಾಕಾರ್ಟೆಕ್ಸ್ ಬಳಸುವವರು ಮಾಡುವುದು ಹೀಗೆ, ಹೆಚ್ಚಿನವರಿಗೆ ಇದೇ ಸಾಕು. ಕಿವಿಯಲ್ಲಿ ಕೂದಲಿಲ್ಲ, ಕ್ಲಿಪ್ ಜಾರುವುದಿಲ್ಲ, ಮಿದುಳಿನಿಂದ ತುಸು ದೂರ. ಹಾಗಂತ ಕಿವಿ ಪೂರ್ತಿ ಮೌನವೂ ಅಲ್ಲ. ಪಕ್ಕದಲ್ಲೇ, ತಲೆಯ ಎಡ ಬಲ ಪಕ್ಕಗಳಲ್ಲಿ ಇರುವ ಟಿ7, ಟಿ8 ಎಂಬ ಎಲೆಕ್ಟ್ರೋಡ್ ಜಾಗಗಳ ಚಟುವಟಿಕೆ ಅಲ್ಲಿಗೂ ತಲುಪುತ್ತದೆ. ಎಡಗಿವಿಯ ರೆಫರೆನ್ಸ್ ಇದ್ದರೆ ಎಡಪಕ್ಕದ ಗೆರೆಗಳು ಬಲಪಕ್ಕಕ್ಕಿಂತ ಸಣ್ಣದಾಗಿ ಕಾಣಬಹುದು.

ಇದನ್ನು ಸರಿಪಡಿಸಲು ಕೆಲವರು ಎರಡೂ ಕಿವಿಯ ವೈರುಗಳನ್ನು ಒಟ್ಟಿಗೆ ಹೊಸೆದು ಒಂದೇ ಪಿನ್ನಿಗೆ ಹಾಕುತ್ತಾರೆ. ನನಗೆ ಇದು ಇಷ್ಟವಿಲ್ಲ. ಎರಡು ಕ್ಲಿಪ್‌ಗಳ ಸಂಪರ್ಕ ಯಾವತ್ತೂ ಸಮ ಇರುವುದಿಲ್ಲ. ಯಾವ ಕಿವಿಯ ಸಂಪರ್ಕ ಚೆನ್ನಾಗಿದೆಯೋ ರೆಫರೆನ್ಸ್ ಆ ಕಡೆಗೆ ವಾಲುತ್ತದೆ, ನಡುವೆ ಕ್ಲಿಪ್ ಸ್ವಲ್ಪ ಒಣಗಿದರೆ ಮತ್ತೆ ವಾಲುತ್ತದೆ. ಅದರ ಬದಲು ಎರಡನೇ ಕಿವಿಯನ್ನು ಒಂದು ಚಾನೆಲ್ ಆಗಿ ರೆಕಾರ್ಡ್ ಮಾಡಿ. ಅದರ ಅರ್ಧವನ್ನು ಉಳಿದ ಎಲ್ಲ ಚಾನೆಲ್‌ಗಳಿಂದ ಆಮೇಲೆ ಕಳೆದರೆ ಎರಡು ಕಿವಿಗಳ ಸರಾಸರಿಯೇ ರೆಫರೆನ್ಸ್ ಆಗುತ್ತದೆ. ಒಂದು ಚಾನೆಲ್ ಖರ್ಚಾಗುತ್ತದೆ ನಿಜ, ಆದರೆ ನಿರ್ಧಾರ ನಿಮ್ಮ ಕೈಯಲ್ಲೇ ಉಳಿಯುತ್ತದೆ. ಈ ಲೆಕ್ಕಕ್ಕೆ ಬಯಾಸ್ ಕ್ಲಿಪ್ಪನ್ನು ಕಿವಿಯಿಂದ ತೆಗೆದು ಹಣೆಗೆ ಅಥವಾ ಕಿವಿಯ ಹಿಂದಿನ ಮೂಳೆಗೆ ಸರಿಸಬೇಕು.

ನಡುನೆತ್ತಿಯ ಸಿಝಡ್ ಎಂಬ ಜಾಗದಲ್ಲಿ ರೆಫರೆನ್ಸ್ ಇಡುವ ಕ್ರಮವೂ ಇದೆ. ಹಿಂದಲೆಯ ಅಲೆಗಳಿಗೆ ತೊಂದರೆ ಇಲ್ಲ. ಕೈ ಆಡಿಸುವ ಕಲ್ಪನೆಯ ಪ್ರಯೋಗ ಮಾಡುವವರಿಗೆ ಮಾತ್ರ ಬೇಡ, ಯಾಕೆಂದರೆ ಅವರಿಗೆ ಬೇಕಾದ ಸಿ3, ಸಿ4 ಜಾಗಗಳು ಅದರ ಎಡಬಲಕ್ಕೆ ಹತ್ತಿರವೇ ಇವೆ, ಸಿಗ್ನಲ್ ಕುಗ್ಗುತ್ತದೆ.

ಇನ್ನೊಂದು ದಾರಿ, ಪ್ರತಿ ಚಾನೆಲ್‌ಗೂ ತನ್ನದೇ ಜೋಡಿ. ಎಡಿಎಸ್1299ರಲ್ಲಿ ಪ್ರತಿ ಚಾನೆಲ್‌ಗೆ ಎರಡು ತುದಿಗಳಿವೆ. ಎಸ್‌ಆರ್‌ಬಿ2 ಆಫ್ ಮಾಡಿ ಎರಡಕ್ಕೂ ಎಲೆಕ್ಟ್ರೋಡ್ ಹಾಕಬಹುದು. ಸ್ನಾಯು ಅಥವಾ ಹೃದಯದ ಸಿಗ್ನಲ್‌ಗೆ ಇದೇ ಸರಿ. ಇಇಜಿಗೆ ನಾನು ಒಂದೇ ರೆಫರೆನ್ಸ್ ಕಡೆಗೇ ವಾಲುತ್ತೇನೆ. ಒಂದೇ ರೆಫರೆನ್ಸ್‌ನಿಂದ ತೆಗೆದ ಡೇಟಾದಲ್ಲಿ ಬೇಕಾದ ಜೋಡಿಯ ವ್ಯತ್ಯಾಸವನ್ನು ಆಮೇಲೆ ಕಳೆದು ಪಡೆಯಬಹುದು. ಜೋಡಿಯಾಗಿ ತೆಗೆದದ್ದರಿಂದ ಬಿಡಿ ಬಿಡಿ ಜಾಗ ವಾಪಸ್ ಸಿಗುವುದಿಲ್ಲ.

ನಾಲ್ಕು, ಎಂಟು, ಹದಿನಾರು

ಓಪನ್‌ಬಿಸಿಐನದೇ ಗ್ಯಾಂಗ್ಲಿಯನ್ ಬೋರ್ಡ್ ನಾಲ್ಕು ಚಾನೆಲ್ ಕೊಡುತ್ತದೆ, ಸೆಕೆಂಡಿಗೆ 200 ಸ್ಯಾಂಪಲ್, ಅಂದರೆ 200 ಅಳತೆ. ಸೈಟನ್ ಎಂಟು ಚಾನೆಲ್, 250 ಸ್ಯಾಂಪಲ್. ಸೈಟನ್ ಮೇಲೆ ಡೈಸಿ ಬೋರ್ಡ್ ಕೂರಿಸಿದರೆ ಹದಿನಾರು. ಆದರೆ ಜೊತೆಗೆ ಬರುವ ಯುಎಸ್‌ಬಿ ಡಾಂಗಲ್‌ನ ರೇಡಿಯೊದಲ್ಲಿ ಆಗ ಪ್ರತಿ ಚಾನೆಲ್‌ಗೆ ಸಿಗುವುದು 125 ಸ್ಯಾಂಪಲ್ ಮಾತ್ರ. ಸ್ಯಾಂಪಲ್ ಸಂಖ್ಯೆಯ ಅರ್ಧದವರೆಗಿನ ಅಲೆ ಮಾತ್ರ ಸಿಗುವುದರಿಂದ 62.5 ಹರ್ಟ್ಜ್‌ಗಿಂತ ಮೇಲಿನದ್ದು ಏನೂ ಕಾಣುವುದಿಲ್ಲ. ಆಲ್ಫಾ, ಬೀಟಾ ಎಂಬ ನಿಧಾನದ ಮಿದುಳಿನ ಅಲೆಗಳಿಗೆ ಇದು ಧಾರಾಳವಾಯಿತು. ವೇಗದ ಗಾಮಾ ಅಲೆ ಹುಡುಕುವವರಿಗೆ ಆಗದು.

ವೈರಿಂಗ್ ಲೆಕ್ಕದಲ್ಲಿ ಎಂಟರಿಂದ ಹದಿನಾರಕ್ಕೆ ಹೋಗುವುದು ಎರಡು ಪಟ್ಟು ಕೆಲಸ ಅಲ್ಲ, ಅದಕ್ಕಿಂತ ಜಾಸ್ತಿ. ಇಲ್ಲಿ ಒಂದು ತಪ್ಪು ಬಹಳ ಸಾಮಾನ್ಯ. ಎರಡು ಬೋರ್ಡ್‌ಗಳಿಗೂ ಬೇರೆ ಬೇರೆ ಎಸ್‌ಆರ್‌ಬಿ2 ಪಿನ್ ಇದೆ. ಕಿವಿಯ ಒಂದೇ ಕ್ಲಿಪ್ಪನ್ನು ವೈ ಆಕಾರದ ಕವಲು ವೈರಿನಿಂದ ಎರಡಕ್ಕೂ ಕೊಡಬೇಕು. ಸೈಟನ್‌ಗೆ ಮಾತ್ರ ಹಾಕಿದರೆ ಮೊದಲ ಎಂಟು ಗೆರೆ ಚೆಂದ, ಉಳಿದ ಎಂಟು ಕಸ. ಆಗ ಡೈಸಿ ಕೆಟ್ಟಿದೆ ಅಂತ ವಾಪಸ್ ಕಳಿಸಲು ಹೊರಡಬೇಡಿ, ಕವಲು ನೋಡಿ. ಬಯಾಸ್‌ಗೆ ಕವಲು ಬೇಡ, ಸೈಟನ್ನಿನ ಒಂದು ಪಿನ್ ಸಾಕು.

ಮೊದಲ ಸಲ ಕಟ್ಟುವವರು ಎಂಟರಲ್ಲೇ ನಿಲ್ಲಿ. ಎಂಟು ಗಟ್ಟಿ ಚಾನೆಲ್‌ಗಳು ಹದಿನಾರು ಅಲುಗಾಡುವ ಚಾನೆಲ್‌ಗಳಿಗಿಂತ ಹೆಚ್ಚು ಹೇಳುತ್ತವೆ. ಕಣ್ಣು ಮುಚ್ಚಿದಾಗಿನ ಆಲ್ಫಾ ಮಾತ್ರ ನೋಡುವುದಾದರೆ ನಾಲ್ಕೂ ಸಾಕು.

ವೈರ್ ಮತ್ತು ಎಲೆಕ್ಟ್ರೋಡ್

ಸಾಧಾರಣ ವೈರೋ, ಶೀಲ್ಡ್ ಇರುವ ವೈರೋ? ಬೋರ್ಡ್ ತಲೆಯ ಮೇಲೇ ಇದ್ದರೆ ವೈರ್ ಗೇಣುದ್ದ ಮಾತ್ರ. ಆಗ ಸಾಧಾರಣ ವೈರ್ ಸಾಕು. ಬೋರ್ಡ್ ಮೇಜಿನ ಮೇಲಿದ್ದು ವೈರ್ ಮೀಟರುದ್ದ ಹೋಗುವುದಾದರೆ ಶೀಲ್ಡ್ ಬೇಕು. ಶೀಲ್ಡಿನ ಜಾಲರಿಯನ್ನು ಬೋರ್ಡಿನ ತುದಿಯಲ್ಲಿ ಮಾತ್ರ ಜೋಡಿಸಿ, ತಲೆಯ ಕಡೆ ತೆರೆದೇ ಬಿಡಿ. ಯಾವ ವೈರ್ ಆದರೂ ಎಲ್ಲವನ್ನೂ ಒಟ್ಟಿಗೆ ಸಡಿಲವಾಗಿ ಹೆಣೆಯಿರಿ, ರೆಫರೆನ್ಸ್ ವೈರನ್ನೂ ಸೇರಿಸಿ. ಸಿಗ್ನಲ್ ವೈರ್ ಒಂದು ಕಡೆಯಿಂದ, ಕಿವಿಯ ವೈರ್ ಇನ್ನೊಂದು ಕಡೆಯಿಂದ ಬಂದರೆ ನಡುವೆ ದೊಡ್ಡ ಉಂಗುರವೇ ಆಗುತ್ತದೆ. ಸುತ್ತಲಿನ ಕರೆಂಟಿನ ಗುಂಯ್ ಸದ್ದನ್ನು ಅದು ಆಂಟೆನಾ ಥರ ಹಿಡಿಯುತ್ತದೆ. ಜೋಲಾಡುವ ವೈರ್ ಇನ್ನೂ ಕಷ್ಟ. ಹೊದಿಕೆ ಉಜ್ಜಿ ಹುಟ್ಟುವ ಚಾರ್ಜೇ ಮಿದುಳಿನ ಸಿಗ್ನಲ್‌ಗಿಂತ ದೊಡ್ಡದಾಗುತ್ತದೆ.

ಪೇಸ್ಟ್ ಹಾಕಿದ ಕಪ್ ಎಲೆಕ್ಟ್ರೋಡ್‌ನ ಸಂಪರ್ಕ ತಡೆಯನ್ನು 5ರಿಂದ 10 ಕಿಲೋ ಓಮ್‌ಗೆ ಇಳಿಸಬಹುದು. ಒಣ ಮುಳ್ಳು ಎಲೆಕ್ಟ್ರೋಡ್‌ಗಳಲ್ಲಿ ಅದು ಅದರ ಹತ್ತಾರು ಪಟ್ಟು ಇರುತ್ತದೆ. ತಡೆ ಜಾಸ್ತಿ ಇರುವುದಕ್ಕಿಂತ, ಒಂದರಿಂದ ಒಂದಕ್ಕೆ ಬೇರೆ ಬೇರೆ ಇರುವುದು ದೊಡ್ಡ ತೊಂದರೆ. ಎಲ್ಲ ಕಡೆ ಸಮನಾಗಿ ಬಂದ ಗದ್ದಲವನ್ನು ಬೋರ್ಡ್ ಕಳೆದುಹಾಕಬಲ್ಲದು. ಸಂಪರ್ಕ ಅಸಮವಾದಾಗ ಅದೇ ಗದ್ದಲ ವ್ಯತ್ಯಾಸವಾಗಿ ಬದಲಾಗಿ ಗೆರೆಯೊಳಗೆ ನುಸುಳುತ್ತದೆ. ಒಣ ಎಲೆಕ್ಟ್ರೋಡ್‌ಗಳೇ ಬೇಕು ಅನ್ನುವವರು, ಸಾಧ್ಯವಿದ್ದರೆ ಆಕ್ಟಿವ್ ಮಾದರಿ ನೋಡಿ. ಅದರಲ್ಲಿ ಎಲೆಕ್ಟ್ರೋಡಿನ ಬೆನ್ನಿಗೇ ಒಂದು ಪುಟ್ಟ ಆಂಪ್ಲಿಫೈಯರ್ ಇರುತ್ತದೆ, ಹಾಗಾಗಿ ವೈರ್ ಅಷ್ಟಾಗಿ ಗದ್ದಲ ಹಿಡಿಯುವುದಿಲ್ಲ. ಆದರೆ ಅದಕ್ಕೆ ಪವರ್ ಕೊಡುವ ವೈರುಗಳು ಬೇರೆ ಬೇಕು, ಕಟ್ಟು ದಪ್ಪವಾಗುತ್ತದೆ.

ಲೋಹ ಬೆರೆಸಬೇಡಿ. ತಲೆಗೆ ಗೋಲ್ಡ್ ಕಪ್, ಕಿವಿಗೆ ಸಿಲ್ವರ್ ಕ್ಲೋರೈಡ್ ಕ್ಲಿಪ್ ಹಾಕಿದರೆ ಎರಡರ ನಡುವೆ ಸಣ್ಣ ಬ್ಯಾಟರಿಯೇ ಹುಟ್ಟುತ್ತದೆ. ಎಡಿಎಸ್1299 ಈ ಸ್ಥಿರ ವೋಲ್ಟೇಜನ್ನೂ ಅಳೆಯುತ್ತದೆ. ಸೈಟನ್ ಸಾಮಾನ್ಯವಾಗಿ ಬಳಸುವ 24 ಪಟ್ಟಿನ ಗೇನ್‌ನಲ್ಲಿ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಅದರ ಮಿತಿ ಎರಡೂ ಕಡೆ 187.5 ಮಿಲಿವೋಲ್ಟ್. ಅದನ್ನು ದಾಟಿದರೆ ಗೆರೆ ಅಂಚಿಗೆ ಅಂಟಿಕೊಂಡು ನಿಂತುಬಿಡುತ್ತದೆ, ಪರದೆಯಲ್ಲಿ ‘ರೇಲ್ಡ್’ ಅಂತ ಬರುತ್ತದೆ. ಲೋಹಗಳ ವ್ಯತ್ಯಾಸ ಆ ಮಿತಿಯ ದೊಡ್ಡ ಪಾಲನ್ನು ಸುಮ್ನೆ ತಿಂದುಹಾಕುತ್ತದೆ.

ಬ್ಯಾಟರಿಯ ವಿಷಯದಲ್ಲಿ ಆಯ್ಕೆಯೇ ಇಲ್ಲ. ತಲೆಗೆ ವೈರ್ ಇರುವಾಗ ಬೋರ್ಡ್ ಬ್ಯಾಟರಿಯ ಮೇಲೇ ಇರಬೇಕು. ಸೈಟನ್‌ಗೆ ನಾಲ್ಕು ಎಎ ಸೆಲ್ ಸಾಕು, ಡೇಟಾ ಗಾಳಿಯಲ್ಲೇ ಹೋಗುತ್ತದೆ. ಕಂಪ್ಯೂಟರ್‌ಗೆ ನೇರ ವೈರಿನಿಂದ ಜೋಡಿಸುವ ಬೋರ್ಡ್ ಆಗಿದ್ದರೆ ಆ ಕಂಪ್ಯೂಟರ್ರೂ ಚಾರ್ಜರಿನಿಂದ ಬಿಡಿಸಿರಬೇಕು. ದಯವಿಟ್ಟು ಇದರಲ್ಲಿ ರಾಜಿ ಬೇಡ.

ತಲೆಗೆ ಹಾಕುವ ಮೊದಲು, ಹಾಕಿದ ಮೇಲೆ

ವೈರಿನ ಎರಡೂ ತುದಿಗೆ ಚೀಟಿ ಅಂಟಿಸಿ, ಜಾಗದ ಹೆಸರು ಬರೆಯಿರಿ. ಅಲ್ಟ್ರಾಕಾರ್ಟೆಕ್ಸ್‌ನಲ್ಲಿ ಎಂಟು ಚಾನೆಲ್‌ಗಳ ರೂಢಿಯ ಕ್ರಮ ಹೀಗಿದೆ: ಎಫ್‌ಪಿ1, ಎಫ್‌ಪಿ2, ಸಿ3, ಸಿ4, ಪಿ7, ಪಿ8, ಓ1, ಓ2. ಎಫ್‌ಪಿ ಅಂದರೆ ಹಣೆ, ಸಿ ನಡುತಲೆ, ಪಿ ತಲೆಯ ಹಿಂಪಕ್ಕ, ಓ ಹಿಂದಲೆ. ಬೆಸ ಸಂಖ್ಯೆ ಎಡಕ್ಕೆ, ಸಮ ಸಂಖ್ಯೆ ಬಲಕ್ಕೆ. ತಲೆಯ ಮೇಲಿನ ಎಲೆಕ್ಟ್ರೋಡ್ ಜಾಗಗಳಿಗೆ ಹೆಸರಿಡಲು ಹರ್ಬರ್ಟ್ ಜ್ಯಾಸ್ಪರ್ 1958ರಲ್ಲಿ ಪ್ರಕಟಿಸಿದ 10-20 ಪದ್ಧತಿಯಿಂದ ಬಂದ ರೂಢಿ ಇದು. ಬಣ್ಣದ ವಿಷಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿದವರೇ ಎಡವುತ್ತಾರೆ. ರೆಸಿಸ್ಟರ್ ಬಣ್ಣದಲ್ಲಿ ಕಂದು ಅಂದರೆ 1, ಬೂದು ಅಂದರೆ 8. ಓಪನ್‌ಬಿಸಿಐ ವೈರುಗಳಲ್ಲಿ ಸರಿಯಾಗಿ ತಿರುಗು ಮುರುಗು: ಬೂದು ಮೊದಲನೇ ಚಾನೆಲ್, ಕಂದು ಎಂಟನೆಯದು. ಬಿಳಿ ರೆಫರೆನ್ಸ್, ಕಪ್ಪು ಬಯಾಸ್. ಕಪ್ಪು ಅಂದರೆ ಗ್ರೌಂಡ್ ಅನ್ನುವ ಅಭ್ಯಾಸದಿಂದ ಬೋರ್ಡಿನ ಗ್ರೌಂಡ್ ಪಿನ್ನಿಗೆ ಹಾಕಬೇಡಿ.

ಹೆಡ್‌ಸೆಟ್ ಮೇಜಿನ ಮೇಲಿರುವಾಗ, ಬೋರ್ಡಿನಿಂದ ಬಿಡಿಸಿದ ಪ್ರತಿ ವೈರನ್ನೂ ಮಲ್ಟಿಮೀಟರಿನ ಬೀಪ್‌ನಲ್ಲಿ ಪರೀಕ್ಷಿಸಿ. ಬೀಪ್ ಬರುತ್ತಿರುವಾಗಲೇ ಎರಡೂ ತುದಿಗಳ ಹತ್ತಿರ ವೈರನ್ನು ಬಗ್ಗಿಸಿ ನೋಡಿ. ಸದ್ದು ತಡವರಿಸಿದರೆ ಆ ವೈರ್ ಕಸದ ಬುಟ್ಟಿಗೆ. ನನ್ನ ಬಿಳಿ ವೈರ್ ಈ ಪರೀಕ್ಷೆಯಲ್ಲಿ ಅರ್ಧ ನಿಮಿಷಕ್ಕೇ ಸಿಕ್ಕಿಬೀಳುತ್ತಿತ್ತು. ಆದರೆ ತಲೆಗೆ ಹಾಕಿದ ಮೇಲೆ ಮಲ್ಟಿಮೀಟರ್ ಮುಟ್ಟಿಸಬೇಡಿ. ಅದು ದೇಹದೊಳಗೆ ಒಂದೇ ದಿಕ್ಕಿನ ಕರೆಂಟ್ ಹರಿಸುತ್ತದೆ, ಎಲೆಕ್ಟ್ರೋಡಿನ ಮೇಲ್ಮೈಯನ್ನೂ ಕೆಡಿಸುತ್ತದೆ. ಅದಕ್ಕೆಂದೇ ಬೋರ್ಡಿನಲ್ಲಿ ಸಂಪರ್ಕ ತಡೆ ಅಳೆಯುವ ವ್ಯವಸ್ಥೆ ಇದೆ. ಅದು ಬಳಸುವುದು 6 ನ್ಯಾನೋಆಂಪಿಯರ್‌ನ ಅತಿ ಸಣ್ಣ ಕರೆಂಟ್.

ಹಾಕಿದ ಮೇಲೆ ಕಣ್ಣು ಮಿಟುಕಿಸಿ. ಹಣೆಯ ಎರಡು ಗೆರೆಗಳಲ್ಲಿ ದೊಡ್ಡ ಗುಡ್ಡ ಏಳಬೇಕು, ಹಿಂದಲೆಯಲ್ಲಿ ಅಷ್ಟಾಗಿ ಏಳಬಾರದು. ಹಿಂದಲೆಯ ಗೆರೆಯಲ್ಲೇ ಗುಡ್ಡ ಕಂಡರೆ ವೈರ್ ಅದಲುಬದಲು. ಆಮೇಲೆ ಕಣ್ಣು ಮುಚ್ಚಿ ಹತ್ತು ಸೆಕೆಂಡ್ ಆರಾಮಾಗಿ ಕೂರಿ. ಓ1, ಓ2 ಎರಡರಲ್ಲೂ 8ರಿಂದ 12 ಹರ್ಟ್ಜ್‌ನ ಆಲ್ಫಾ ಅಲೆ ತುಂಬಿಕೊಂಡು ಬರಬೇಕು, ಕಣ್ಣು ತೆರೆದ ಕೂಡಲೇ ಕುಗ್ಗಬೇಕು. ಹೆಚ್ಚಿನವರಲ್ಲಿ ಇದು ಬರಿಗಣ್ಣಿಗೇ ಕಾಣುತ್ತದೆ. ಹಾನ್ಸ್ ಬರ್ಗರ್ 1929ರಲ್ಲಿ ಮನುಷ್ಯನ ಇಇಜಿಯನ್ನು ಮೊದಲು ಪ್ರಕಟಿಸಿದಾಗ ತೋರಿಸಿದ್ದೂ ಇದೇ ಅಲೆ. ನೀವೇ ಕಟ್ಟಿದ ವೈರಿನಲ್ಲಿ ಅದು ಮೊದಲ ಸಲ ಬಂದಾಗ ಮೈ ಜುಂ ಅನ್ನುತ್ತದೆ.

ಈ ಎರಡು ಪರೀಕ್ಷೆಯಲ್ಲೂ ಎಡಬಲ ಅದಲಾಗಿದ್ದರೆ ಗೊತ್ತಾಗುವುದಿಲ್ಲ, ಅಲ್ವಾ? ಎರಡೂ ಹಣೆಗೆ ಮಿಟುಕು ಒಂದೇ, ಎರಡೂ ಹಿಂದಲೆಗೆ ಆಲ್ಫಾ ಹೆಚ್ಚುಕಡಿಮೆ ಒಂದೇ. ಅದಕ್ಕೆ ಇನ್ನೊಬ್ಬರನ್ನು ಕರೆಯಿರಿ. ಅವರು ಪ್ರತಿ ಎಲೆಕ್ಟ್ರೋಡಿನ ಬೆನ್ನ ಮೇಲೆ ಬೆರಳಿನಿಂದ ಮೂರು ಸಲ ತಟ್ಟಿ ಜಾಗದ ಹೆಸರು ಹೇಳಲಿ. ನೀವು ಪರದೆ ನೋಡುತ್ತಾ ಯಾವ ಗೆರೆ ಮೂರು ಸಲ ಹಾರಿತು ಅಂತ ಬರೆದುಕೊಳ್ಳಿ. ಅಷ್ಟೂ ಹೊಂದಿದ ಮೇಲೆ ರೆಕಾರ್ಡ್ ಒತ್ತಿ.